ಫೋನ್ ಮಡಗುವ ಮುನ್ನ

ಮಾತು ಶುರುಮಾಡುವುದು ಯಾರಿಗಾದರೂ ಬರುತ್ತದೆ. ಮುಗಿಸುವುದು ಮಾತ್ರ ನನಗೆ ಇವತ್ತಿಗೂ ಬಂದಿಲ್ಲ. ಮದುವೆಮನೆಯಲ್ಲಿ ‘ಬರ್ತೀನಿ’ ಎನ್ನಲು ಸಂಕೋಚಪಟ್ಟು, ಎಲೆಯಡಿಕೆಯನ್ನೂ ಇಸಿದುಕೊಳ್ಳದೆ ಚಪ್ಪಲಿ ಹುಡುಕುವ ಆಸಾಮಿ ನಾನು. ತಮಾಷೆಯೆಂದರೆ, ನನಗೆ ಸಂಬಳ ಬರುವುದೇ ಮಾತು ಮುಗಿಸುವ ಕೆಲಸಕ್ಕೆ. ಪಾವಗಡದ ಕಡೆ ವಳ್ಳೂರಿನ ಹತ್ತಿರ, ಸೋಲಾರ್ ಪ್ಲೇಟುಗಳ ನಡುವೆ ನಮ್ಮ ಆಫೀಸು. ಎಲ್ಲೆಲ್ಲಿ ಎಷ್ಟು ಕರೆಂಟು ಹುಟ್ಟಿತು ಎಂಬ ಸುದ್ದಿ ಬೀಗ ಹಾಕಿದ ಗುಟ್ಟಿನ ಸಂಪರ್ಕದಲ್ಲಿ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಆ ಸಂಪರ್ಕವನ್ನು ಮುಚ್ಚುವ ಪ್ರೋಗ್ರಾಂ ನನ್ನದು. ಸುಮ್ಮನೆ ಕತ್ತರಿಸುವಂತಿಲ್ಲ. ‘ನನ್ನದು ಮುಗಿಯಿತು’ ಎಂದು ಈ ಕಡೆಯ ಯಂತ್ರ ಹೇಳಬೇಕು, ‘ನನ್ನದೂ ಮುಗಿಯಿತು’ ಎಂದು ಆ ಕಡೆಯದು ಉತ್ತರ ಕೊಡಬೇಕು. ಇಲ್ಲದಿದ್ದರೆ ಮಾತು ಮುಗಿದದ್ದೋ, ನಡುವೆ ಯಾರಾದರೂ ಕತ್ತರಿಸಿದ್ದೋ ಗೊತ್ತಾಗುವುದಿಲ್ಲ. ಹೊಸದಾಗಿ ಸೇರಿದವರಿಗೆ ನಾನೇ ಇದನ್ನು ಬೋರ್ಡಿನ ಮೇಲೆ ಬರೆದು, ದೊಡ್ಡ ಗಂಟಲಲ್ಲಿ ಪಾಠ ಹೇಳುತ್ತೇನೆ.

ಹೊಳವನಹಳ್ಳಿಯ ನಮ್ಮಕ್ಕನಿಗೂ ಒಮ್ಮೆ ಹೇಳಿದ್ದೆ. “ಅಯ್ಯೋ, ಇದುಕ್ಕೂ ಸಂಬಳ ಕೊಡ್ತಾರೇನ್ಲಾ? ನಾನು ದಿನಾ ಪುಕ್ಸಟ್ಟೆ ಮಾಡ್ತೀನಲ್ಲೋ!” ಎಂದು ನಕ್ಕಿದ್ದಳು. ನಿಜವೇ. ಅವಳು ದಿನಾ ಫೋನ್ ಮಾಡುವವಳು. ಕೊನೆಗೆ “ಮಡಗ್ಲೇನಪ್ಪಾ?” ಎಂದು ಕೇಳುವಳು, ನಾನು “ಮಡಗಕ್ಕ” ಅನ್ನುವವರೆಗೆ ಇಡುವವಳಲ್ಲ. ನಾನು ಅನ್ನುವಷ್ಟರಲ್ಲಿ ಎಮ್ಮೆ ಕರುವೋ, ಪಕ್ಕದ ಮನೆಯ ಜಗಳವೋ ನೆನಪಾಗಿ ಮಾತು ಮತ್ತೆ ಮೊದಲಿಂದ. ಹತ್ತು ನಿಮಿಷದ ಮಾತಿನಲ್ಲಿ ಎಂಟು ನಿಮಿಷ ಈ ಮಡಗುವುದಕ್ಕೇ ಹೋಗುತ್ತಿತ್ತು.

ಒಂದು ದಿನ ಅಕ್ಕನ ಜೊತೆ ಫೋನಿನಲ್ಲಿರುವಾಗಲೇ ಮೀಟಿಂಗಿಗೆ ಕರೆಯುತ್ತಿದ್ದರು. “ಲೇ, ಇನ್ನೊಂದ್ ಮಾತು ಕಣ್ಲಾ...” ಎಂದಳು. ನಾನು ಕಟ್ ಮಾಡಿದೆ. ಸಂಜೆ ಮಾಡಿದರಾಯಿತು ಅಂದುಕೊಂಡೆ, ಮಾಡಲಿಲ್ಲ. ಮರುದಿನ ಬೆಳಗ್ಗೆ ಹಾಲು ಕರೆಯಲು ಹೋದವಳು ಕೊಟ್ಟಿಗೆಯ ಬಾಗಿಲಲ್ಲೇ ಕುಸಿದಳಂತೆ. ನಾನು ಪಾವಗಡದಲ್ಲಿ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅಕ್ಕ ಇರಲಿಲ್ಲ. ಜನ ನನ್ನ ಅಳುವನ್ನು ನೋಡಿ ಸಮಾಧಾನ ಹೇಳಿದರು. ಆ ಇನ್ನೊಂದು ಮಾತು ಏನಿತ್ತೋ ಎಂದು ನಾನು ಅಳುತ್ತಿದ್ದುದು ಯಾರಿಗೂ ತಿಳಿದಿರಲಿಲ್ಲ.

ತಿಥಿ ಮುಗಿದ ಮೇಲೆ, ತಡೆಯಲಾರದೆ ಭಾವನನ್ನು ಕೇಳಿದೆ.

“ಅದೇನೋ ನಂಗೂ ಗೊತ್ತಿಲ್ಲ ಕಣಪ್ಪ. ಫೋನ್ ಕಿವಿಗಿಟ್ಕಂಡು ಹಂಗೇ ಕುಂತಿದ್ಲು. ‘ಅವ್ನು ಕಟ್ ಮಾಡ್ಬುಟ್ಟ ಕಣೇ’ ಅಂದೆ. ‘ನನ್ ತಮ್ಮ ಅಂಗೆಲ್ಲ ಮಾಡಾನಲ್ಲ, ಲೈನ್ ಹೋಗೈತೆ’ ಅಂತ ನನ್ ಮೇಲೇ ರೇಗಿದ್ಲು. ಲೈನೇ ಹೋಗಿತ್ತೇನಪ್ಪಾ?”

“ಹೂಂ ಭಾವ, ನಮ್ ಕಡೆ ಟವರ್ ಸರಿಯಿಲ್ಲ,” ಎಂದೆ.

ಟವರ್ ಇರುವುದು ನಮ್ಮ ಆಫೀಸಿನ ತಾರಸಿಯ ಮೇಲೆ.