ಗುಳುಗುಳು ಡಬ್ಬಿ

ಮುಚ್ಚಳ ಇದ್ದದ್ದನ್ನೆಲ್ಲ ತೆಗೆದು ನೋಡದಿದ್ದರೆ ಕೊಟ್ರೇಶನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ಮೆಣಸಿನಕಾಯಿಯ ಊರು ಬ್ಯಾಡಗಿ; ಅಲ್ಲಿನ ವಿರೂಪಾಕ್ಷಪ್ಪ ಸಾಹುಕಾರರ ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತ ಅವನು. ಅಂಗಡಿಯ ಗೋಡೆ ಗಡಿಯಾರವನ್ನು ಅವನು ಬಿಚ್ಚಿ ನೋಡಿದ ದಿನದಿಂದ ಅದು ಗಂಟೆ ಹೊಡೆಯುವುದನ್ನೇ ಬಿಟ್ಟಿತ್ತು. ಇಂಥವನ ಕೈಗೆ ಸಾಹುಕಾರರು ತಮ್ಮ ಮೀನನ್ನು ಒಪ್ಪಿಸಿದರು ನೋಡಿ, ಅವರ ಗ್ರಹಚಾರ!

ಮೊಬೈಲು ಇನ್ನೂ ಸಾಹುಕಾರರ ಸೊಂಟದಲ್ಲಷ್ಟೇ ಇದ್ದ ಕಾಲ. ಪಡಸಾಲೆಯಲ್ಲಿ ಮೀನು ಸಾಕಿದರೆ ವ್ಯಾಪಾರ ಏರುತ್ತದೆ ಎಂದು ಯಾರೋ ವಾಸ್ತು ಹೇಳಿದ್ದರಿಂದ ಅವರ ಮನೆಗೂ ಒಂದು ಗಾಜಿನ ತೊಟ್ಟಿ, ಅದರೊಳಗೊಂದು ಬಂಗಾರದ ಬಣ್ಣದ ಮೀನು ಬಂದಿದ್ದವು. ಮನೆಯಾಕೆ ತವರಿಗೆ ಹೋಗಿದ್ದರು.

"ಹುಬ್ಬಳ್ಳಿ ಗಿರಾಕಿ ರಾಣೆಬೆನ್ನೂರಿಗೆ ಬಂದಾನ. ನಮ್ಮ ಮಾಲಿನಾಗ ಅಗ್ಗದ ಖಾರದ ಕಾಯಿ ಕೂಡಸೀವಿ ಅಂತ ಅವಂಗ ಅನುಮಾನ. ಹೆಂಗರ ಮಾಡಿ ಒಪ್ಪಿಸಿ ಕರಕೊಂಡು ಬರ್ತೇನಿ. ಸಂಜೀತನಾ ಮೀನು ನೋಡ್ಕೊ. ಆ ಡಬ್ಬಿಗೆ ಮಾತ್ರ ಕೈ ಹಚ್ಚಬ್ಯಾಡ. ಮೀನಿಗೇನರ ಆತೋ, ನಾಳಿಂದ ಅಂಗಡಿಗೆ ಬರಬ್ಯಾಡ!" ಎಂದು ಹೇಳಿ ಸಾಹುಕಾರರು ಜೀಪು ಹತ್ತಿದರು.

ಡಬ್ಬಿ ಎಂದರೆ ತೊಟ್ಟಿಯ ಮೂಲೆಯಲ್ಲಿದ್ದ ಕರಿ ಫಿಲ್ಟರು. ಕೆಳಗಿನ ತೂತಿನಿಂದ ನೀರು ಎಳೆದುಕೊಂಡು ಮೇಲಿನಿಂದ ಗುಳುಗುಳು ಎಂದು ಬಿಡುತ್ತಿತ್ತು. ಕೊಟ್ರೇಶ ಕುರ್ಚಿ ಎಳೆದುಕೊಂಡು ಕೂತ. ಹೊಲಸು ನೀರು ಒಳಗೆ ಹೋಗುತ್ತದೆ, ತಿಳಿ ನೀರು ಹೊರಗೆ ಬರುತ್ತದೆ. ಹಾಗಾದರೆ ಹೊಲಸೆಲ್ಲ ಎಲ್ಲಿ ಹೋಯಿತು? ಹಾಳಾದ ಪ್ರಶ್ನೆ ತಲೆ ಹೊಕ್ಕ ಮೇಲೆ ಚಹಾ ಕೂಡ ಸೇರಲಿಲ್ಲ. ಸ್ವಿಚ್ಚು ಆರಿಸಿ ಡಬ್ಬಿ ಬಿಚ್ಚಿಯೇ ಬಿಟ್ಟ. ಒಳಗೆ ಕಂದು ಲೋಳೆ ಹಿಡಿದ ಒಂದು ಸ್ಪಂಜು ಸಿಕ್ಕಿತು.

ಅದನ್ನು ಹಿತ್ತಲಿಗೆ ಒಯ್ದು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಪಕ್ಕದ ಮನೆಯ ಚೌಡವ್ವ ಗೋಡೆಯ ಮೇಲಿಂದ ಇಣುಕಿದಳು.

"ಶೀ! ಇಂಥಾ ಹೊಲಸಿನಾಗ ನೀರು ಸೋಸ್ತಾರೇನೋ ತಮ್ಮಾ? ಕೊಡಿಲ್ಲೆ!"

ಅವನು ಬೇಡ ಎನ್ನುವಷ್ಟರಲ್ಲಿ ಸ್ಪಂಜಿಗೆ ಸಬಕಾರ ಬಿದ್ದು, ಕಲ್ಲಿನ ಮೇಲೆ ಕುಕ್ಕಿಸಿಕೊಂಡು, ಹಳದಿಯಾಗಿ ಉಬ್ಬಿ ಗೋಡೆಯ ಮೇಲೆ ಬಿಸಿಲಿಗೆ ಕೂತಿತ್ತು. ಥೇಟ್ ಬೇಕರಿಯ ಬನ್ನು. ಹಾಗೆಂದು ಒಂದು ಮಂಗನಿಗೂ ಅನ್ನಿಸಿತು. ಬಂತು, ಎತ್ತಿಕೊಂಡಿತು, ಹೋಯಿತು.

"ಯವ್ವಾ, ನನ್ನ ನೌಕರಿ!" ಎಂದು ಕೊಟ್ರೇಶ ಹೊಯ್ಕೊಂಡ.

ಒಳಗೆ ಬಂದು ನೋಡಿದರೆ ತೊಟ್ಟಿಯ ನೀರು ಮಜ್ಜಿಗೆಯಂತಾಗಿತ್ತು. ಡಬ್ಬಿ ಬಿಚ್ಚುವಾಗ ತಳದ ಹೊಲಸೆಲ್ಲ ಎದ್ದಿತ್ತು. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿತ್ತು.

ಗದ್ದಲ ಕೇಳಿ ಎದುರುಮನೆಯ ಹಾಲೇಶಪ್ಪ ಬಂದರು. ಊರಿನ ನಳದ ಕೆಲಸ ಮಾಡಿ ನಿವೃತ್ತರಾದವರು.

"ಇಷ್ಟಕ್ಕ ಯಾಕ ಅಳ್ತೀಯೋ? ಸ್ಪಂಜೂ ಒಂದ, ಅರಿವೀನೂ ಒಂದ. ಸೋಸಿದ್ರ ಮುಗೀತು. ಯಾವುದರ ಒಂದು ಬಟ್ಟಿ ತಾ, ಲಗೂ!"

ಪಡಸಾಲೆಯ ಮೊಳೆಗೆ ಒಂದು ಖಾಲಿ ಬಟ್ಟೆಯ ಚೀಲ ನೇತಾಡುತ್ತಿತ್ತು. ಹಾಲೇಶಪ್ಪ ಅದನ್ನು ಮಡಚಿ ಡಬ್ಬಿಯೊಳಗೆ ತುರುಕಿದರು. ಕೊಟ್ರೇಶ ದೇವರಿಗೆ ಕೈಮುಗಿದು ಸ್ವಿಚ್ಚು ಹಾಕಿದ.

ಗುಳುಗುಳು. ಬಂದ ನೀರು ಕೆಂಪು!

ಸಾಹುಕಾರರು ಗಿರಾಕಿಗಳಿಗೆ ತೋರಿಸಲು ಮೆಣಸಿನಪುಡಿ ಒಯ್ಯುತ್ತಿದ್ದ ಚೀಲ ಅದು. ನೋಡನೋಡುತ್ತ ತೊಟ್ಟಿಯೆಲ್ಲ ಕೆಂಪೇರಿತು.

"ಅಯ್ಯ ಶಿವನ! ತತ್ತಿ ಸುದ್ದಾ ಮುಟ್ಟದವರ ಮನ್ಯಾಗ ಮೀನಿನ ಸಾರು ಮಾಡಿ ಇಟ್ರೆಲ್ಲೋ!" ಎಂದು ಅಷ್ಟರಲ್ಲಿ ಒಳಗೆ ಬಂದಿದ್ದ ಚೌಡವ್ವ ಬಾಯಿಗೆ ಸೆರಗು ಹಚ್ಚಿದಳು. ಹಾಲೇಶಪ್ಪನವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಕೊಟ್ರೇಶ ಅಂಗಿಯ ತೋಳು ಮಡಚಿ ಮೀನು ಹಿಡಿಯಲು ತೊಟ್ಟಿಗೆ ಕೈ ಹಾಕಿದ. ಅದು ಬೆರಳ ಸಂದಿಯಿಂದ ಜಾರಿ ಜಾರಿ ಹೋಯಿತು. ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಸಾಹುಕಾರರು ಗಿರಾಕಿ ಮನೋಹರನ ಜೊತೆ ಒಳಗೆ ಬಂದು ಹಾಗೆಯೇ ನಿಂತರು.

"ಏನೋ ಇದು?"

"ನಿಮ್ಮ... ನಿಮ್ಮ ಮಾಲಿನ ಚೀಲರೀ, ಸಾಹುಕಾರ್ರ. ಡಬ್ಯಾಗ ಹಾಕೇವ್ರಿ," ಎಂದ ಕೊಟ್ರೇಶ. ತೋಳಿನಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

ಮನೋಹರ ಬಗ್ಗಿ ಗಾಜಿಗೆ ಮೂಗು ಹಚ್ಚಿದ. ಅಷ್ಟು ಹೊತ್ತು ಬಾಯಿ ಬಡಿದಿದ್ದ ಮೀನು, ಫಿಲ್ಟರು ಮತ್ತೆ ಶುರುವಾದದ್ದಕ್ಕೋ ಏನೋ, ಬಾಲ ಬಳುಕಿಸುತ್ತ ಆರಾಮಾಗಿ ಈಸುತ್ತಿತ್ತು. ಮನೋಹರ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ.

"ಆಹಾ! ಏನ್ ಬಣ್ಣರೀ! ಖಾರ ಕೂಡಸಿದ್ರ ಈ ಮೀನು ಇಷ್ಟೊತ್ತಿಗೆ ಹೊಟ್ಟಿ ಮ್ಯಾಲ ಮಾಡ್ತಿತ್ತು. ಖರೇ ಬ್ಯಾಡಗಿ ಕಾಯಿ ಐತಿ. ಎಲ್ಲಾ ಮಾಲು ನನಗ ಇರ್ಲಿ!"

ಅವನು ಹೋದ ಮೇಲೆ ಸಾಹುಕಾರರು ತೊಟ್ಟಿಯನ್ನೊಮ್ಮೆ, ಕೊಟ್ರೇಶನನ್ನೊಮ್ಮೆ ನೋಡಿದರು. ಬಕ್ಷೀಸು ಸಿಗಬಹುದೇನೋ ಎಂದು ಇವನು ಕೈ ಒರೆಸಿಕೊಂಡ.

"ಕೊಟ್ರೇಶಿ, ನಾಳಿಂದ ಅಂಗಡಿಗೆ ಬರಬ್ಯಾಡ."

"ತಪ್ಪಾತ್ರಿ ಸಾಹುಕಾರ್ರ! ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ!"

"ಹುಚ್ಚಪ್ಪಾ, ಸೀದಾ ಇಲ್ಲಿಗೆ ಬಾ. ಗಿರಾಕಿ ಬರೂ ಮುಂದ ನೀರು ಕೆಂಪು ಮಾಡು, ಹೋದ ಮ್ಯಾಲ ತಿಳಿ ಮಾಡು. ದಿನಾ ಇದ ನಿನ್ನ ಕೆಲಸ. ಮೀನು ಸತ್ತಿತೋ, ನನ್ನ ಮಾಲು ಖೊಟ್ಟಿ ಅಂತ ಊರೆಲ್ಲ ಆಡ್ಕೊಂತೈತಿ, ನೆನಪಿರ್ಲಿ. ಮೊದಲು ಡಬ್ಯಾಗಿನ ಸ್ಪಂಜು ಎಲ್ಲಿ ಒಗದೀದಿ, ಹುಡುಕು."

ಕೊಟ್ರೇಶ ಬಕೇಟು ಹಿಡಿದು ಹಿತ್ತಲಿಗೆ ಹೋದ. ಗೋಡೆಯ ತುದಿಯಲ್ಲಿ ಮಂಗ ಕೂತಿತ್ತು. ಸ್ಪಂಜನ್ನು ಚೂರುಚೂರು ಹರಿದು, ಒಂದೊಂದೇ ಚೂರನ್ನು ಬೆಳಕಿಗೆ ಹಿಡಿದು, ಒಳಗೇನಿದೆ ಎಂದು ನೋಡುತ್ತಿತ್ತು.