ದೀಪಕ್ಕೊಂದು ಒತ್ತು

ನಡುರಾತ್ರಿ ‘ಕಿಸಕ್’ ಎಂದು ಸಣ್ಣ ಸದ್ದಾಯಿತು. ಇಲಿಯಿರಬೇಕೆಂದು ಗುಮಾಸ್ತರು ಮಗ್ಗುಲು ಬದಲಿಸಿದರು. ಮತ್ತೆ ‘ಕಿಸಕ್’. ಈ ಸಲ ಮಂಚವೂ ಅಲುಗಿತು. ಕಣ್ಣು ಬಿಟ್ಟರೆ, ಪಕ್ಕದಲ್ಲಿ ಹೆಂಡತಿ ಎದ್ದು ಕೂತಿದ್ದಳು. ಅವರು ಆಫೀಸಿನಿಂದ ತಂದಿದ್ದ ದಪ್ಪ ಕರಡನ್ನು ಮೊಬೈಲ್ ಬೆಳಕಿನಲ್ಲಿ ಹಿಡಿದು, ಬಾಯಿಗೆ ಹೊದಿಕೆ ತುರುಕಿಕೊಂಡು ನಗುತ್ತಿದ್ದಳು.

“ಅದನ್ನ ಯಾಕೆ ಓದ್ತಿದೀಯ?”

“ನಿದ್ದೆ ಬರ್ಲಿಲ್ಲ. ನಿಮ್ಮ ಇಲಾಖೆ ಪುಸ್ತಕ ಹಿಡಿದ್ರೆ ಗ್ಯಾರಂಟಿ ಬರುತ್ತೆ ಅಂತ ತಗೊಂಡೆ. ರೀ, ನಿಮ್ಮೋರು ಬಲ್ಬಿನ ವ್ಯಾಪಾರ ಯಾವಾಗ ಶುರು ಮಾಡಿದ್ರು?”

ಗುಮಾಸ್ತರು ತಡಕಾಡಿ ಕನ್ನಡಕ ಏರಿಸಿದರು. ಮೊದಲ ಪುಟದಲ್ಲಿ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ಹೀಗಿತ್ತು: ‘ಕರಾವಳಿ ಮತ್ತು ಸಣ್ಣ ದೀಪಗಳ ಸುಸ್ಥಿರ ಅಭಿವೃದ್ಧಿ: ರಾಷ್ಟ್ರೀಯ ಯೋಜನೆ’. ದಕಾರದ ಕೆಳಗೆ ನೇತಾಡಬೇಕಿದ್ದ ವಕಾರದ ಒತ್ತು ನಾಪತ್ತೆ. ದೇಶದ ದ್ವೀಪಗಳೆಲ್ಲ ಒಂದೇ ಏಟಿಗೆ ದೀಪಗಳಾಗಿದ್ದವು.

“ಮೂರು ಸಲ ನೋಡಿದ್ದೆ ಕಣೇ!”

“ಇರುವೆ ಹುಡುಕೋರಿಗೆ ಆನೆ ಕಾಣೋದಿಲ್ವಂತೆ. ಮಲ್ಕೊಳ್ಳಿ.”

ಮಲಗುವುದೆಲ್ಲಿ? ಅವರು ಯೋಜನಾ ಕಚೇರಿಯಲ್ಲಿ ಕರಡು ತಿದ್ದುವ ಗುಮಾಸ್ತರು. ತಪ್ಪು ಕಂಡರೆ ಅವರ ಕೈ ಸುಮ್ಮನಿರದು. ಅಂಗಡಿಯ ಬೋರ್ಡು, ಔಷಧಿಯ ಚೀಟಿ, ಸತ್ತವರ ಸಂತಾಪದ ಜಾಹೀರಾತು, ಯಾವುದನ್ನೂ ಬಿಟ್ಟವರಲ್ಲ. ಆಫೀಸಿನಲ್ಲಿ, ಬೀದಿಯಲ್ಲಿ ಅವರಿಗೆ ‘ಒತ್ತಕ್ಷರ’ ಎಂದೇ ಹೆಸರು. ಹೋದ ತಿಂಗಳು ಮುಖ್ಯಾಧಿಕಾರಿಗಳ ಟಿಪ್ಪಣಿಯನ್ನು ಎಲ್ಲರೆದುರು ತಿದ್ದಿದ್ದರು. ಅಂದಿನಿಂದ ಮುಖ್ಯಾಧಿಕಾರಿಗಳು ಕಾಯುತ್ತಿದ್ದರು: “ನಿಮ್ಮದೂ ಒಂದು ತಪ್ಪು ಸಿಗಲಿ, ದ್ವೀಪದ ಶಾಖೆಗೆ ಹಾಕ್ತೀನಿ.” ಆ ಶಾಖೆಗೆ ರಾತ್ರಿಯಿಡೀ ದೋಣಿಯಲ್ಲಿ ಹೋಗಬೇಕು. ಗುಮಾಸ್ತರಿಗೋ ಬಕೆಟ್ಟಿನಲ್ಲಿ ನೀರು ಅಲುಗಾಡಿದರೂ ಹೊಟ್ಟೆ ತೊಳಸುತ್ತಿತ್ತು.

ಆಹ್ವಾನ ಪತ್ರಿಕೆಗಳು ಇದೇ ತಲೆಬರಹ ಹೊತ್ತು ಆಗಲೇ ಎಲ್ಲೆಡೆ ಹೋಗಿದ್ದವು. ಹೋಗಲಿ, ಅವನ್ನು ಯಾರು ಓದುತ್ತಾರೆ! ಪುಸ್ತಕ ಅಚ್ಚಾಗುವುದು ಬೆಳಗ್ಗೆ, ಮಂತ್ರಿಗಳು ಬಿಡುಗಡೆ ಮಾಡುವುದು ಮಧ್ಯಾಹ್ನ. ಪ್ರೆಸ್ಸಿನ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು.

ನಸುಕಿನಲ್ಲಿ ಮೆಟ್ಟಿಲಿಳಿದರೆ ಕೆಳಮನೆಯ ನಿವೃತ್ತ ಮೇಷ್ಟ್ರು ಹಲ್ಲುಜ್ಜುತ್ತ ಅಡ್ಡ ನಿಂತಿದ್ದರು.

“ಏನಯ್ಯಾ, ರಾತ್ರಿಯೆಲ್ಲ ನಿಮ್ಮನೇಲಿ ದೀಪ ದೀಪ ಅಂತ ಕೂಗಾಟ? ಕರೆಂಟ್ ಹೋಗಿತ್ತಾ?”

ಗುಮಾಸ್ತರು ವಿಷಯ ಹೇಳಿ ಕೆಟ್ಟರು. ಮೇಷ್ಟ್ರು ಬಾಯಿ ಮುಕ್ಕಳಿಸಿ ಚಪ್ಪಲಿ ಮೆಟ್ಟಿದರು. “ನಡಿ ನಡಿ, ಕಾಗುಣಿತದ ವಿಷಯ ನಿನ್ನೊಬ್ಬನ ಕೈಲಾಗೋದಲ್ಲ.”

ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದಿದ್ದ ಹೆಂಗಸು ಆಕಳಿಸುತ್ತ ಪುಟಗಳನ್ನು ಓಡಿಸಿದಳು. “ಮೊದಲ ಪುಟ ಒಂದೇ ಅಲ್ಲ ಸಾರ್, ಎಲ್ಲ ಪುಟದ ನೆತ್ತಿ ಮೇಲೂ ದೀಪ ಅಂತಲೇ ಇದೆ. ಒಂದೊಂದಾಗಿ ತಿದ್ದೋಕೆ ಟೈಮಿಲ್ಲ, ಮಶೀನ್ ಕಾಯ್ತಿದೆ.”

“ಒಂದೊಂದಾಗಿ ಯಾಕಮ್ಮ?” ಎಂದರು ಮೇಷ್ಟ್ರು. “ಪುಸ್ತಕದಲ್ಲಿರೋ ಅಷ್ಟೂ ದೀಪಕ್ಕೆ ಒಂದೇ ಏಟಿಗೆ ಒತ್ತು ಕೊಟ್ಬಿಡು.”

ಆಕೆ ಗುಂಡಿ ಒತ್ತಿದಳು. “ಪುಟ ನೂರೈವತ್ತು. ಬದಲಾಗಿದ್ದು ಇನ್ನೂರರ ಮೇಲಿದೆಯಲ್ಲ ಸಾರ್?”

“ಹೆಚ್ಚಾದ್ರೆ ಒಳ್ಳೇದೇ. ದ್ವೀಪಗಳಿಗೆ ಒತ್ತು ಕೊಡೋದೇ ತಾನೇ ಯೋಜನೆ?” ತಮ್ಮ ಜೋಕಿಗೆ ಮೇಷ್ಟ್ರು ತಾವೇ ನಕ್ಕರು. ಗುಮಾಸ್ತರು ನಿಟ್ಟುಸಿರಿಟ್ಟು ಸಹಿ ಹಾಕಿದರು.

ಸಭಾಂಗಣದಲ್ಲಿ ಮಂತ್ರಿಗಳು ಪುಸ್ತಕ ಬಿಡುಗಡೆ ಮಾಡಿ, ಇಂಥ ಪುಸ್ತಕಗಳನ್ನು ಬಿಡುಗಡೆ ಮಾಡಿದವರು ಎಂದೂ ಮಾಡದ ಕೆಲಸವೊಂದನ್ನು ಮಾಡಿದರು. ತೆರೆದು ಓದಿದರು, ಅದೂ ಮೈಕಿನಲ್ಲಿ.

“‘ದೋಣಿ ನಿಲ್ಲುವ ಪ್ರತಿ ಜೆಟ್ಟಿಯ ತುದಿಯಲ್ಲಿ ಕಂಬ ನೆಟ್ಟು ಕೆಂಪು ದ್ವೀಪವನ್ನು ತೂಗುಹಾಕತಕ್ಕದ್ದು.’ ಓಹೋ! ‘ಬೆಳಗಾದೊಡನೆ ದ್ವೀಪಗಳನ್ನು ಆರಿಸತಕ್ಕದ್ದು. ಕೆಟ್ಟ ದ್ವೀಪಗಳನ್ನು ವಾರದೊಳಗೆ ಬಿಚ್ಚಿ ಹೊಸದನ್ನು ಹಾಕತಕ್ಕದ್ದು.’ ಏನ್ರೀ ಇದು? ದ್ವೀಪ ಬಿಚ್ಚೋಕೆ ಎಷ್ಟು ನಂಬರಿನ ಸ್ಪ್ಯಾನರ್ ಬೇಕು?”

ಸಭೆ ಹೋ ಎಂದು ನಕ್ಕಿತು. ಕಡೆಯ ಸಾಲಿನಲ್ಲಿದ್ದ ಗುಮಾಸ್ತರು ಕುರ್ಚಿಯಲ್ಲೇ ಕುಗ್ಗಿ ತಮ್ಮ ಪ್ರತಿಯ ಪುಟ ಮಗುಚಿದರು. ಯೋಜನೆಯಲ್ಲಿ ನಿಜವಾದ ದೀಪಗಳೂ ಇದ್ದವು, ದೀಪಸ್ತಂಭಗಳೂ ಇದ್ದವು. ಮೇಷ್ಟ್ರ ಒಂದೇ ಏಟಿಗೆ ಎಲ್ಲವೂ ದ್ವೀಪವಾಗಿ ತೇಲಿಹೋಗಿದ್ದವು.

ನಗು ಇನ್ನೂ ನಿಂತಿರಲಿಲ್ಲ, ನಡುವಿನ ಸಾಲಿನಿಂದ ಒಬ್ಬ ಹೆಂಗಸು ಆಹ್ವಾನ ಪತ್ರಿಕೆ ಎತ್ತಿ ಹಿಡಿದು ಎದ್ದಳು. ದೂರದ ದ್ವೀಪದಲ್ಲಿ ಜನರನ್ನು ದಾಟಿಸುವ ದೋಣಿಯಾಕೆ.

“ನಗ್ಬೇಡಿ ಸಾರ್. ಈ ಕಾರ್ಡಲ್ಲಿ ಸಣ್ಣ ದೀಪ ಅಂತ ಹಾಕಿದ್ರಲ್ಲ, ಅದನ್ನ ನಂಬ್ಕೊಂಡು ರಾತ್ರಿಯೆಲ್ಲ ದೋಣಿ ಓಡಿಸ್ಕೊಂಡು ಬಂದೆ. ನಮ್ಮ ಜೆಟ್ಟೀಲಿ ಒಂದು ಬಲ್ಬಿಲ್ಲ. ಕತ್ತಲಲ್ಲಿ ಬಂಡೆಗೆ ಹೊಡ್ದು ನಮ್ಮಣ್ಣ ಕಾಲು ಮುರ್ಕೊಂಡ. ಇಲ್ಲಿ ನೋಡಿದ್ರೆ ನೀವು ಮತ್ತೆ ದ್ವೀಪ ಅಂತೀರ. ದ್ವೀಪ ನಮ್ಮ ಹತ್ರ ಇದೆ ಸಾರ್, ದೀಪ ಇಲ್ಲ!”

ನಗುತ್ತಿದ್ದ ಸಭೆಯಲ್ಲಿ ಮರುಕ್ಷಣ ಚಪ್ಪಾಳೆಯೋ ಚಪ್ಪಾಳೆ. ಮಂತ್ರಿಗಳು ಕಾರ್ಡು ತರಿಸಿಕೊಂಡು ನೋಡಿದರು. “ಸರಿಯಾಗೇ ಇದೆಯಲ್ರೀ! ಮೊದಲು ದೀಪ ಕೊಡಬೇಕು. ಇದು ಯಾರ ಯೋಚನೆ?”

ಮುಖ್ಯಾಧಿಕಾರಿಗಳು ಕಣ್ಣು ಪಿಳುಕಿಸದೆ ಎದ್ದರು. “ನಂದೇ ಸಾರ್. ಜನರ ಕಷ್ಟ ನೋಡಿ ಬೇಕಂತಲೇ ದೀಪ ಅಂತ ಬರೆದಿದ್ದೆ.”

“ಮತ್ತೆ ಪುಸ್ತಕದಲ್ಲಿ ಕೆಡಿಸಿದ್ದು ಯಾರು?”

ಮುಖ್ಯಾಧಿಕಾರಿಗಳ ಬೆರಳು ಕಡೆಯ ಸಾಲಿನತ್ತ ಬಾಣದಂತೆ ಚಾಚಿತು.

“ಸಾರ್, ದ್ವೀಪ ಅನ್ನೋದೇ ಸರಿ, ವ ಒತ್ತು...” ಎಂದರು ಗುಮಾಸ್ತರು.

“ಇನ್ನೂ ವಾದ ಬೇರೆ! ಇವರನ್ನ ಒಂದು ವರ್ಷ ದ್ವೀಪದ ಶಾಖೆಗೆ ಕಳಿಸಿ. ಕತ್ತಲಲ್ಲಿ ಕೂತ್ರೆ ದೀಪದ ಬೆಲೆ ಗೊತ್ತಾಗುತ್ತೆ.”

ತಪ್ಪನ್ನು ತನ್ನದೆಂದು ಹೊಗಳಿಸಿಕೊಂಡಿದ್ದು ಮುಖ್ಯಾಧಿಕಾರಿ, ತಿದ್ದಿದ್ದು ತಾನು, ಶಿಕ್ಷೆ ತಿದ್ದಿದವನಿಗೆ! ಗುಮಾಸ್ತರು ಆಫೀಸಿಗೆ ಮರಳಿ ಮೇಜಿನ ಮುಂದೆ ಕಲ್ಲಿನಂತೆ ಕೂತರು. ಸಂಜೆ ಸಹಿಗೆ ಹೋಗುವ ಕಾಗದಗಳ ಕಟ್ಟು ಎಂದಿನಂತೆ ಅವರ ಮುಂದೆ ಬಂತು. ಎಂದಿನಂತೆ ಅವರು ಓದಿ, ತಿದ್ದಿ, ಚಿಕ್ಕ ಸಹಿ ಹಾಕಿ ಒಳಗೆ ಕಳಿಸಿದರು. ಅದರಲ್ಲಿ ಅವರದೇ ವರ್ಗಾವಣೆಯ ಆದೇಶವೂ ಇತ್ತು.

ಸ್ವಲ್ಪ ಹೊತ್ತಿಗೆ ಟೈಪಿಸ್ಟ್ ಅಕ್ಕ ಅತ್ತಿತ್ತ ನೋಡುತ್ತ ಹತ್ತಿರ ಬಂದಳು.

“ಒತ್ತಕ್ಷರದವ್ರೇ, ಹೆದರ್ಬೇಡಿ. ನಿಮ್ಮ ಆರ್ಡರಲ್ಲಿ ಬೇಕಂತಲೇ ‘ದೀಪದ ಶಾಖೆ’ ಅಂತ ಹೊಡೆದಿದೀನಿ. ಅಂಥ ಶಾಖೆ ಭೂಮಿ ಮೇಲೇ ಇಲ್ಲ. ಸಹಿ ಆಗಿ ಹೋದ್ರೂ ಸಂಬಳದೋರು ವಾಪಸ್ ಕಳಿಸ್ತಾರೆ. ಅದು ಅಲ್ಲಿ ಇಲ್ಲಿ ಅಲೆದು ಬರೋಷ್ಟರಲ್ಲಿ ಮಂತ್ರಿಗಳೇ ಬದಲಾಗಿರ್ತಾರೆ. ನೀವು ನೋಡಿಯೂ ನೋಡದ ಹಾಗೆ ಬಿಟ್ರಿ ತಾನೇ?”

ಮುಖ್ಯಾಧಿಕಾರಿಗಳ ಕೋಣೆಯಿಂದ ‘ದಬ್’ ಎಂದು ಮೊಹರು ಬಿದ್ದ ಸದ್ದು ಕೇಳಿಸಿತು.

ಗುಮಾಸ್ತರು ತಮ್ಮ ಬಲಗೈಯನ್ನು ಪರರ ಕೈಯೆಂಬಂತೆ ನೋಡಿದರು. “ತುಂಬ ಉಪಕಾರ ಆಯ್ತಕ್ಕ” ಎಂದಷ್ಟೇ ಹೇಳಿದರು.

ಮನೆ ತಲುಪಿದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. “ಏನಾಯ್ತು ರೀ? ಆ ಒತ್ತು ಹಾಕಿದ್ರಾ?”

“ಹಾಕಿದೆ.”

ಎರಡನೆಯ ಒತ್ತಿನ ಸಂಗತಿಯನ್ನು ಮಾತ್ರ ಈ ಜನ್ಮದಲ್ಲಿ ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ಅವರು ಚಪ್ಪಲಿ ಬಿಟ್ಟು ಒಳಗೆ ನಡೆದರು.