ವಾಣಕ್ಕೆ ಹೋದ ಬಸ್ಸು

ಅಕ್ಕಲಕೋಟದ ಸೋಮೇಶನಿಗೆ ಹೆಂಡತಿಗೆ ಹೇಳದೆ ಒಂದು ಒಳ್ಳೆಯ ಕೆಲಸ ಮಾಡಬೇಕೆಂಬ ಆಸೆ ಹುಟ್ಟಿತು. ಎಲ್ಲ ಅನರ್ಥಕ್ಕೂ ಅದೇ ಮೂಲ. ಕೆಟ್ಟ ಕೆಲಸ ಮುಚ್ಚಿಟ್ಟು ಸಿಕ್ಕಿಬಿದ್ದ ಗಂಡಂದಿರು ಓಣಿಗೆ ಹತ್ತು ಮಂದಿ ಸಿಕ್ಕಾರು. ಒಳ್ಳೆಯದನ್ನು ಮುಚ್ಚಿಟ್ಟು ಬಿಸಿಲಲ್ಲಿ ಊರೆಲ್ಲ ತಿರುಗಿದವನು ಇವನೊಬ್ಬನೇ.

ಸೋಮೇಶ ಸಹಕಾರಿ ಸಂಘವೊಂದರ ಕಚೇರಿಯಲ್ಲಿ ಕಾರಕೂನ. ತೊಂಬತ್ತೈದರಲ್ಲಿ ಆ ಕಚೇರಿಗೆ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದಕ್ಕೆ ಹಾರ ಹಾಕಿ, ಕಾಯಿ ಒಡೆದು, ಪೇಢೆ ತಿಂದು ದೂರ ಸರಿದರು. ಇವನು ಹತ್ತಿರ ಹೋದ, ಕಲಿತ, ಆಮೇಲೆ ಯಾರೋ ಮಾರಲಿಟ್ಟಿದ್ದ ಹಳೆಯದೊಂದನ್ನು ಮನೆಗೂ ತಂದ. ಎರಡು ವರ್ಷ ಅದರ ಮುಂದೆ ಕೂತು ಒಂದು ಆಟ ಬರೆದ. ಹೆಸರು ‘ಲಾಲ ಡಬ್ಬಾ’. ಮಹಾರಾಷ್ಟ್ರ ಸರಕಾರದ ನಮ್ಮ ಕೆಂಪು ಎಸ್‌ಟಿ ಬಸ್ಸನ್ನು ಮಂದಿ ಪ್ರೀತಿಯಿಂದಲೂ ಸಿಟ್ಟಿನಿಂದಲೂ ಕರೆಯುವ ಹೆಸರೇ ಅದು.

ಅಬ್ಬಾ, ಅದೇನು ಆಟ ಅಂತೀರಿ! ಅಕ್ಕಲಕೋಟದ ಸ್ಟ್ಯಾಂಡಿನಿಂದ ಬಸ್ಸು ಹೊರಡಬೇಕು, ಸೊಲ್ಲಾಪುರ ಮುಟ್ಟಬೇಕು. ದಾರಿಯಲ್ಲಿ ಎಮ್ಮೆ ಅಡ್ಡ ಬರುತ್ತದೆ, ಕಬ್ಬಿನ ಗಾಡಿ ಬರುತ್ತದೆ, ವಳಸಂಗದ ಹತ್ತಿರ ಗಂಟು ಹೊತ್ತ ಮುದುಕಿ ಕೈ ಮಾಡುತ್ತಾಳೆ. ಒಂದು ಗಂಟೆ ಹೊಡೆದರೆ ಬಸ್ಸು ನಿಲ್ಲುತ್ತದೆ, ಎರಡು ಹೊಡೆದರೆ ಹೊರಡುತ್ತದೆ. ಚಿಲ್ಲರೆ ಕೊಡದಿದ್ದರೆ ಪ್ರಯಾಣಿಕ ಜಗಳಕ್ಕೆ ನಿಲ್ಲುತ್ತಾನೆ, ಅಷ್ಟರಲ್ಲಿ ಹೊತ್ತು ಮೀರಿ ಆಟವೇ ಮುಗಿಯುತ್ತದೆ. ಇಷ್ಟನ್ನೆಲ್ಲ ಯಾರೂ ಹೇಳಿಕೊಡದೆ, ಕಚೇರಿಯ ಕೆಲಸ ಮುಗಿಸಿ ಬಂದು, ಒಬ್ಬನೇ ಮಾಡಿದ. ಮೆಚ್ಚಬೇಕಾದ್ದನ್ನು ಬಾಯಿ ಬಿಟ್ಟೇ ಮೆಚ್ಚಬೇಕು.

ಒಂದೇ ಕೊರಗು. ಅವನ ಮಾನಿಟರ್ ಕಪ್ಪು-ಬಿಳುಪಿನದು. ಕೆಂಪು ಬಸ್ಸನ್ನು ಬರೆದ ಪುಣ್ಯಾತ್ಮ ಅದನ್ನು ಒಂದು ಸಲವೂ ಕೆಂಪಗೆ ಕಂಡಿರಲಿಲ್ಲ. ಅವನ ಕಣ್ಣಿಗೆ ಅದು ಬೂದಿ ಬಳಿದುಕೊಂಡ ಬಸ್ಸು.

ಆಟವನ್ನು ಫ್ಲಾಪಿಗಳಲ್ಲಿ ತುಂಬಿ ಸೊಲ್ಲಾಪುರದ ಎಂಟು ಅಂಗಡಿಗಳಲ್ಲಿ ಎರಡೆರಡು ಇಟ್ಟು ಬಂದ. ಆರು ತಿಂಗಳಾದರೂ ಒಂದೂ ಹೋಗಲಿಲ್ಲ. ಹದಿನಾರನ್ನೂ ವಾಪಸು ತಂದು, ಉಳಿದವುಗಳ ಜೊತೆ ಟ್ರಂಕಿಗೆ ಹಾಕಿ, “ಧೂಳ ತಿನಕೋತ ಬಿದ್ದಿರಲಿ ಬಿಡ” ಎಂದು ಹೆಂಡತಿ ಉಜ್ವಲಾಳ ಮುಂದೆ ನಿಟ್ಟುಸಿರು ಬಿಟ್ಟಿದ್ದ. ಟ್ರಂಕಿನಲ್ಲಿ ಒಟ್ಟು ನಲವತ್ತು.

ಆಗ ಸಿಕ್ಕವನು ಒಂಬತ್ತನೆಯ ಅಂಗಡಿಯ ಶಂಕರೆಪ್ಪ. ನವೀ ಪೇಠದಲ್ಲಿ ಅವನ ಅಪ್ಪ ಸೀರೆ ಮಾರುತ್ತಿದ್ದ ಅಂಗಡಿಯಲ್ಲೇ ಇವನು ಕಂಪ್ಯೂಟರ್ ಮಾರುತ್ತಿದ್ದ. ಅದೇ ಗಾದಿ, ಅದೇ ಲೋಡು. ಗಾದಿಯ ಪಕ್ಕದ ಕಪ್ಪು-ಬಿಳುಪು ಮಶೀನಿನಲ್ಲಿ ಆಟವನ್ನು ಹತ್ತು ನಿಮಿಷ ಆಡಿ, ಮುದುಕಿಗೆ ಎರಡು ಸಲ ಚಿಲ್ಲರೆ ಕೊಟ್ಟು, ಶಂಕರೆಪ್ಪ ಕೇಳಿದ.

“ಸೋಮೇಶರಾವ, ಎಂಟ ಅಂಗಡ್ಯಾಗ ಇಟ್ಟಿದ್ರಿ. ಒಬ್ಬರರೆ ಗಿರಾಕಿಗೆ ಹಚ್ಚಿ ತೋರಿಸ್ಯಾರೇನ್ರಿ?”

“ಇಲ್ರಿ ಸಾವಕಾರ್ರ.”

“ಹೆಂಗ ತೋರಸ್ತಾರ? ಇಂವ ತೋರಿಸಿ ಗಿರಾಕಿನ್ನ ತಯಾರ ಮಾಡೂದು, ಬಾಜೂದಾಂವ ಐದ ರೂಪಾಯಿ ಕಮ್ಮಿಗೆ ಕೊಟ್ಟ ಕಳಿಸೂದು! ಊರ ಎಮ್ಮಿಗೆ ಯಾರೂ ಹಿಂಡಿ ಹಾಕೂದಿಲ್ರಿ, ಮನಿ ಎಮ್ಮಿಗೇ ಹಾಕೂದು. ನನಗೊಬ್ಬನಿಗೇ ಕೊಡ್ರಿ. ಬಾಗಲದಾಗ ಹಚ್ಚಿ ಇಡತೀನಿ, ಬೋರ್ಡ್ ಬರಸ್ತೀನಿ. ವರ್ಷಕ್ಕ ಎರಡನೂರು ಫ್ಲಾಪಿ ನಾ ತಗೋಳಾಂವ. ಮಾರಿದ್ರ ನನ್ನ ಪುಣ್ಯಾ, ಮಾರಲಿಲ್ಲಂದ್ರ ನನ್ನ ಕರ್ಮ. ನಿಮಗ ಏನ ತ್ರಾಸ?”

ಅಷ್ಟು ಹೇಳಿ, ಮೂಲೆಯಲ್ಲಿದ್ದ ಕಲರ್ ಮಾನಿಟರಿನ ಮೇಲೆ ಕೈ ಇಟ್ಟ. “ಇದು ಮುಂಗಡ. ನಾಳೆ ಐದಕ್ಕ ಇದ್ದಷ್ಟು ಫ್ಲಾಪಿ ತಂದ ಕೊಡ್ರಿ, ಇದನ್ನ ಹೊತಗೊಂಡ ಹೋಗ್ರಿ.”

ಕರಾರಿನಲ್ಲಿ ಎರಡು ಪುಟ ಇದ್ದವು. ಮೊದಲ ಪುಟದಲ್ಲಿ, ‘ಈ ಆಟ ನನ್ನ ಅಂಗಡಿ ಬಿಟ್ಟು ಬೇರೆಲ್ಲಿಯೂ ಸಿಗಬಾರದು’ ಎಂದಿತ್ತು. ಸೋಮೇಶ ಅದನ್ನು ಮೂರು ಸಲ ಓದಿದ. ಎರಡನೆಯ ಪುಟ ಓದುವಾಗ ಕಣ್ಣು ಮಾನಿಟರಿನ ಮೇಲಿತ್ತು, ಸಹಿ ಮಾತ್ರ ಸರಿಯಾದ ಜಾಗದಲ್ಲೇ ಬಿತ್ತು.

ಮನೆಗೆ ಬಂದಾಗ ಸಂಜೆಯಾಗಿತ್ತು. ಪಡಸಾಲೆಯಿಂದ ಹೆಂಗಸರು ನಗುತ್ತ ಹೊರಬೀಳುತ್ತಿದ್ದರು. ಉಜ್ವಲಾಳಿಗೆ ಏನೂ ಹೇಳಲಿಲ್ಲ. ನಾಳೆ ಮಾನಿಟರ್ ಹೊತ್ತು ತಂದು, ಬಸ್ಸನ್ನು ಕೆಂಪಗೆ ಓಡಿಸಿ, ‘ನೋಡ’ ಅನ್ನಬೇಕು ಎಂದುಕೊಂಡು ಹಾಯಾಗಿ ಮಲಗಿದ.

ಬೆಳಿಗ್ಗೆ ಟ್ರಂಕು ತೆರೆದರೆ ಒಳಗೆ ಒಂದು ನುಸಿಗುಳಿಗೆ ಬಿಟ್ಟರೆ ಏನೂ ಇಲ್ಲ.

“ಉಜ್ವಲಾ! ಫ್ಲಾಪಿ ಎಲ್ಲಿ?”

“ವಾಣ ಕೊಟ್ನಿರಿ,” ಎಂದಳು ಉಜ್ವಲಾ, ಚಹಾ ಸೋಸುತ್ತ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಕಡೆ ಮನೆಮನೆಯಲ್ಲೂ ಮುತ್ತೈದೆಯರನ್ನು ಕರೆದು ಅರಿಷಿಣ-ಕುಂಕುಮ ಹಚ್ಚುತ್ತಾರೆ, ಎಳ್ಳುಬೆಲ್ಲ ಕೊಡುತ್ತಾರೆ, ಜೊತೆಗೆ ಕೈಯಲ್ಲಿ ಏನಾದರೊಂದು ವಸ್ತು ಇಡುತ್ತಾರೆ. ಅದೇ ವಾಣ. ಹೋದ ವರ್ಷ ಉಜ್ವಲಾ ಸಾಬೂನಿನ ಡಬ್ಬಿ ಕೊಟ್ಟಿದ್ದಳು. ಪಕ್ಕದ ಮನೆಯ ತುಳಜಾಬಾಯಿ, “ಚಲೋ ಅದ ತಗೋ, ಬಚ್ಚಲಮನ್ಯಾಗಿಂದು” ಎಂದು ನಕ್ಕಿದ್ದಳು. ಆ ಮಾತು ವರ್ಷವಿಡೀ ಮುಳ್ಳಿನ ಹಾಗೆ ಚುಚ್ಚಿತ್ತು.

“ನೀವ ಅಂದ್ರಿ, ಧೂಳ ತಿನ್ನಲಿ ಅಂತ. ಊರಾಗ ಯಾರ ಮನ್ಯಾಗೂ ಇಂಥಾ ವಾಣ ಕೊಟ್ಟಿಲ್ಲ. ನನ್ನ ಗಂಡ ಮಾಡಿದ್ದು ಅಂತ ಹೇಳೇ ಕೊಟ್ನಿ. ತುಳಜಾವೈನಿ ಬಾಯಿ ಮುಚ್ಚಕೊಂಡ ಹೋದ್ಲು.”

ಹೇಳುವಾಗ ಅವಳ ಮುಖದಲ್ಲಿ ಎಂಥ ಹೆಮ್ಮೆ! ಗಂಡನ ಎರಡು ವರ್ಷದ ದುಡಿಮೆಯನ್ನು ನಲವತ್ತು ಮನೆಯ ದೇವರ ಮುಂದೆ ಇಡಿಸಿದ್ದಳು. ಸೋಮೇಶನಿಗೆ ಬೈಯಲು ಬಾಯಿ ಬರಲಿಲ್ಲ. ಕರಾರಿನ ಸಂಗತಿ ತೊದಲುತ್ತ ಹೇಳಿದ. ಬೇರೆಲ್ಲಿಯೂ ಸಿಗಬಾರದು ಅಂದರೆ ಸಿಗಬಾರದು. ಐದರೊಳಗೆ ನಲವತ್ತೂ ವಾಪಸು ಬರಬೇಕು, ಇಲ್ಲವಾದರೆ ಮಾನಿಟರೂ ಇಲ್ಲ, ಮಾರಾಟವೂ ಇಲ್ಲ.

“ಕೊಟ್ಟ ವಾಣ ಬರಿಗೈಲೆ ತಿರಗಿ ತಗೋಬಾರದ್ರಿ, ಅಪಶಕುನ,” ಎಂದಳು ಉಜ್ವಲಾ. “ತಗೋಳೂದಿದ್ರ ಅದಕಿಂತಾ ಚಲೋದ ಇಡಬೇಕು.”

ಹೀಗಾಗಿ ಒಂಬತ್ತು ಗಂಟೆಗೆ ಸೋಮೇಶ ರಜೆ ಚೀಟಿ ಬರೆದು, ನಲವತ್ತು ಸ್ಟೀಲಿನ ಬಟ್ಟಲು ಕೊಂಡು, ಚೀಲಕ್ಕೆ ಹಾಕಿಕೊಂಡು ಓಣಿಯಲ್ಲಿ ನಿಂತಿದ್ದ. ರಜೆ ಚೀಟಿ ಒಯ್ಯಬೇಕಾದ ಅಣ್ಣಾರಾಯ ಅದನ್ನು ಕಿಸೆಯಲ್ಲಿಟ್ಟುಕೊಂಡು ಅಲ್ಲೇ ನಿಂತ. ಅಣ್ಣಾರಾಯ ತುಳಜಾಬಾಯಿಯ ಗಂಡ, ಸೋಮೇಶನ ಕಚೇರಿಯಲ್ಲೇ ಹಿರಿಯ ಕಾರಕೂನ. ಪರರ ಕಷ್ಟ ಕಂಡರೆ ಊಟ ಬಿಟ್ಟು ಓಡಿಬರುವ ಜೀವ.

“ತಮ್ಮಾ, ಒಬ್ಬ ಅಂಗಡಿಯವನ ಕೈಯಾಗ ಜುಟ್ಟ ಕೊಟ್ಟಿಯಲ್ಲೋ. ನಾಲ್ಕ ಕಡೆ ಇಟ್ಟಿದ್ರ ಎಲ್ಲರೆ ಒಂದ ಕಡೆ ಹೋಗ್ತಿತ್ತು.”

“ಅಣ್ಣಾ, ಎಂಟ ಮಂದಿ ಕೈಯಾಗ ಕೊಟ್ಟ ನೋಡೀನಿ. ಯಾರೂ ಎಳೀಲೂ ಇಲ್ಲ, ಯಾರೂ ಬಾಚಲೂ ಇಲ್ಲ. ಇಂವ ಒಬ್ಬನ ಕೈಯಾಗ ಇದ್ರ ದಿನಾ ಎಣ್ಣಿ ಹಚ್ಚತಾನ.”

ಅಣ್ಣಾರಾಯ ವಾದ ಬಿಟ್ಟು ಮನೆಗೆ ಓಡಿದ. ತನ್ನ ಲೂನಾ ಮೊಪೆಡ್ಡು ತಂದ.

ಮೊದಲು ತುಳಜಾಬಾಯಿ. ಅವಳು ಫ್ಲಾಪಿಗೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಅನ್ನಪೂರ್ಣೆಯ ಪಕ್ಕದಲ್ಲಿ ಇಟ್ಟಿದ್ದಳು. ಬಟ್ಟಲನ್ನು ಬೆರಳಿಂದ ಬಡಿದು, ಸದ್ದು ಕೇಳಿ, ಒಪ್ಪಿದಳು. ಎರಡನೆಯ ಮನೆಯಲ್ಲಿ ಅದು ಕುಂಟುವ ಮೇಜಿನ ಕಾಲ ಕೆಳಗಿತ್ತು. ಮೂರನೆಯ ಮನೆಯಾಕೆ ಅದರ ತಗಡಿನ ಬಾಗಿಲನ್ನು ಸರಿಸಿ ಬಿಟ್ಟು, ಸರಿಸಿ ಬಿಟ್ಟು, ‘ಟಪ್ ಟಪ್’ ಅನ್ನಿಸುತ್ತ ಕೂತಿದ್ದಳು. “ಹೊತ್ತ ಹೋಗಾಕ ಅಗದಿ ಚಲೋ ಅದರಿ” ಎಂದಳು.

ನಾಲ್ಕನೆಯದು ಬಜಾರದಲ್ಲಿ ಅಡತಿ ದಲಾಲಿ ಮಾಡುವ ಕಲ್ಲಣ್ಣನ ಮನೆ. ಅಲ್ಲಿ ಗಂಟು ಬಿತ್ತು.

“ಕೊಡೂದಿಲ್ಲೋ ಸೋಮೇಶ,” ಎಂದಳು ಕಲ್ಲಣ್ಣನ ಹೆಂಡತಿ ಕಾಶೀಬಾಯಿ. “ಇದರಾಗ ನಮ್ಮ ಬಸ್ಸ ಓಡತದಂತ. ನಮ್ಮವರು ಮುಂಜಾನಿಂದ ಸೊಲ್ಲಾಪುರಕ್ಕ ಫೋನ್ ಹಚ್ಯಾರ, ಇದನ್ನ ಹಾಕೂ ಮಶೀನ ಎಷ್ಟಕ್ಕ ಸಿಗತದಂತ. ಬಟ್ಟಲಾ ನಮ್ಮನ್ಯಾಗ ರಗಡ ಅದಾವ.”

ಸೋಮೇಶ ಚೀಲದಿಂದ ಇನ್ನೊಂದು ಬಟ್ಟಲು ತೆಗೆದ. ಅಣ್ಣಾರಾಯ ಅವನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ: “ಬಟ್ಟಲಾ ನಡ್ಯೂದಿಲ್ಲ. ಹೆದರಸ್ಬೇಕು.”

“ಕಾಕು,” ಎಂದ ಸೋಮೇಶ, ಗಂಟಲು ಸರಿಮಾಡಿಕೊಂಡು, “ಖರೇ ಹೇಳ್ತೀನಿ. ಕಂಪ್ಯೂಟರ್ ಮನ್ಯಾಗ ಇಡಬ್ಯಾಡ್ರಿ. ಕಣ್ಣ ಹೋಗ್ತಾವ.”

“ಕೂದಲಾ ಉದರತಾವ,” ಎಂದ ಅಣ್ಣಾರಾಯ.

ಕಾಶೀಬಾಯಿ ಅಲುಗಲಿಲ್ಲ. ಸೋಮೇಶ ಅಡುಗೆಮನೆಯ ಕಡೆ ನೋಡಿದ. ಹಲಗೆಯ ಮೇಲೆ ಬಿಳಿ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಭರಣಿಗಳು ಸಾಲಾಗಿದ್ದವು. ಕಷ್ಟದಲ್ಲಿ ಮನುಷ್ಯನಿಗೆ ಬುದ್ಧಿ ಬರುತ್ತದೆ ಅನ್ನುವುದು ಸುಳ್ಳಲ್ಲ.

“ಅದರ ಗಾಳಿಗೆ ಉಪ್ಪಿನಕಾಯಿಗೆ ಬೂಸ ಹಿಡಿತದರಿ ಕಾಕು.”

ಬೂಷ್ಟಿನ ಮಾತು ಕೇಳಿದ್ದೇ, ಫ್ಲಾಪಿ ಕೂಡಲೇ ಕೈಗೆ ಬಂತು.

ಅಲ್ಲಿಂದ ಮುಂದೆ ಕೆಲಸ ಹೂವಿನಷ್ಟು ಹಗುರಾಯಿತು. ಮಶೀನಿನ ಬೆಲೆ ವಿಚಾರಿಸಿದ್ದ ಇನ್ನೂ ನಾಲ್ಕು ಮನೆಗಳು ಸಿಕ್ಕವು. ಸೋಮೇಶ ಆ ನಾಲ್ಕಕ್ಕೂ ಕಣ್ಣು, ಕೂದಲು, ಉಪ್ಪಿನಕಾಯಿ ಎಂದು ಕ್ರಮವಾಗಿ ಹೇಳಿದ. ಕೇಳದ ಮನೆಗಳಿಗೂ ಮುಂಜಾಗ್ರತೆಗೆ ಹೇಳಿದ. ಎರಡು ವರ್ಷ ಕಂಪ್ಯೂಟರನ್ನೇ ದೇವರೆಂದವನು ಅದನ್ನು ಹೀಗೆ ಬೈದು, ಹೊರಗೆ ಬಂದು ಕೆನ್ನೆ ಬಡಿದುಕೊಳ್ಳುತ್ತಿದ್ದ. ಆದರೆ ಕಣ್ಣ ಮುಂದೆ ಕೆಂಪು ಬಸ್ಸು ಓಡುತ್ತಿತ್ತು. ಮೂರು ಗಂಟೆಗೆ ನಲವತ್ತನೆಯ ಫ್ಲಾಪಿ ಚೀಲಕ್ಕೆ ಬಿತ್ತು. ಊಟವಿಲ್ಲ, ನೀರಿಲ್ಲ, ಅಣ್ಣಾರಾಯ ಲೂನಾದಲ್ಲಿ ಸ್ಟ್ಯಾಂಡಿಗೆ ಬಿಟ್ಟ. ರಜೆ ಚೀಟಿ ಇನ್ನೂ ಅವನ ಕಿಸೆಯಲ್ಲೇ ಇತ್ತು.

ಐದಕ್ಕೆ ಐದು ನಿಮಿಷ ಇರುವಾಗ ಸೋಮೇಶ ನವೀ ಪೇಠ ಮುಟ್ಟಿದ. ದೂರದಿಂದಲೇ ಗದ್ದಲ ಕೇಳಿಸಿತು. ಶಂಕರೆಪ್ಪ ಕೊಟ್ಟ ಮಾತಿನಂತೆ ಬಾಗಿಲಲ್ಲೇ ಕಲರ್ ಮಾನಿಟರ್ ಇಟ್ಟು, ನಿನ್ನೆ ತೋರಿಸಲಿಕ್ಕೆಂದು ಇಟ್ಟುಕೊಂಡಿದ್ದ ಫ್ಲಾಪಿಯಿಂದ ಆಟ ಹಚ್ಚಿದ್ದ. ಮಂದಿ ಕತ್ತು ಚಾಚಿ ನೋಡುತ್ತಿದ್ದರು. ಸೋಮೇಶ ಸಂದಿಯಲ್ಲಿ ತೂರಿ ಮುಂದೆ ಬಂದ.

ಬಸ್ಸು ಕೆಂಪಗಿತ್ತು.

ಬರೀ ಕೆಂಪಲ್ಲ, ಅಗದೀ ಎಸ್‌ಟಿ ಕೆಂಪು. ಎಮ್ಮೆ ಕರ್ರಗಿತ್ತು, ಕಬ್ಬು ಹಸಿರಾಗಿತ್ತು, ಮುದುಕಿಯ ಸೀರೆ ಅವನಿಗೇ ಗೊತ್ತಿಲ್ಲದೆ ನೀಲಿಯಾಗಿತ್ತು. ಟಿಣ್ ಟಿಣ್ ಎಂದು ಗಂಟೆ ಎರಡು ಸಲ ಬಾರಿಸಿತು, ಬಸ್ಸು ಹೊರಟಿತು, ಯಾರೋ “ಶಾಬ್ಬಾಸ್!” ಎಂದರು. ಸೋಮೇಶನ ಕಣ್ಣು ತುಂಬಿ ಬಂತು. ಉಜ್ವಲಾ ಇರಬೇಕಿತ್ತು ಅನ್ನಿಸಿತು.

“ಬರ್ರಿ ಸೋಮೇಶರಾವ,” ಎಂದ ಶಂಕರೆಪ್ಪ ಗಾದಿಯ ಮೇಲಿಂದ. “ನಲವತ್ತೂ ತಂದೀರೇನು?”

“ಒಂದೂ ಬಿಟ್ಟಿಲ್ರಿ ಸಾವಕಾರ್ರ! ಮನಿಮನಿಗೆ ಹೋಗಿ ಕಿತಗೊಂಡ ಬಂದೀನಿ. ಅಕ್ಕಲಕೋಟದಾಗ ಈಗ ಒಂದ ಫ್ಲಾಪಿ ಇಲ್ಲ,” ಎಂದು ಸೋಮೇಶ ವಾಣದ ಕತೆಯನ್ನೆಲ್ಲ ಹೆಮ್ಮೆಯಿಂದ ಹೇಳಿದ.

ಶಂಕರೆಪ್ಪ ಪೂರ್ತಿ ಕೇಳಿದ. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ಹಂಗಾರ ಆ ಫೋನ್ ನಿಮ್ಮ ಪ್ರತಾಪ! ಮುಂಜಾನೆ ಅಕ್ಕಲಕೋಟದಿಂದ ಐದ ಫೋನ್ ಬಂದ್ವು. ‘ನಮ್ಮಲ್ಲೆ ಬಸ್ಸಿನ ಫ್ಲಾಪಿ ಅದ, ಅದನ್ನ ಹಾಕೂ ಮಶೀನ ಎಷ್ಟಕ್ಕ?’ ಬಸ್ಸಿನ ಆಟಾ ನನ್ನ ಬಾಗಲದಾಗಷ್ಟ ಹಚ್ಚೇದ ಅಂತ ಬಾಜೂ ಅಂಗಡಿಯವರೂ ನನ್ನ ನಂಬರೇ ಕೊಟ್ಟಾರ. ಐದೂ ಮಂದಿ ಇವತ್ತ ಬರಾವ್ರು. ಈ ಧಂದೇದಾಗ ನಾ ಇಂಥಾ ದಿವಸಾ ನೋಡಿದ್ದಿಲ್ಲ. ಮಧ್ಯಾಹ್ನ ಅದ ಐದ ಮಂದಿ ಮತ್ತ ಫೋನ್ ಹಚ್ಚಿದ್ರು. ‘ಬ್ಯಾಡ್ರಿ. ಆಟಾ ಮಾಡಿದಾಂವನೇ ಹೇಳ್ಯಾನ, ಉಪ್ಪಿನಕಾಯಿಗೆ ಬೂಸ ಹಿಡಿತದಂತ!’”

“ಆದ್ರ... ಬ್ಯಾರೆ ಎಲ್ಲೂ ಸಿಗಬಾರದು ಅಂತ...”

“ಬ್ಯಾರೆ ಅಂಗಡ್ಯಾಗ ಸಿಗಬಾರದು ಅಂತ್ರಿ! ಎರಡನೇ ಪಾನಾ ಓದಿಲ್ಲೇನು?”

ಓದಿದ. ಸಹಿಯ ಮೇಲ್ಗಡೆಯೇ ಬರೆದಿತ್ತು: ‘ಮಾಡಿದವನು ಪುಕ್ಕಟೆ ಎಷ್ಟು ಹಂಚಿದರೂ ಅಡ್ಡಿಯಿಲ್ಲ, ಹಂಚಿದಷ್ಟೂ ಒಳ್ಳೆಯದು.’ ಅದರ ಕೆಳಗೆ: ‘ಅಂಗಡಿಯ ಮಾಲಿಗೆ ಅವನೇ ಕೆಟ್ಟ ಹೆಸರು ತಂದರೆ, ಹೋದ ಗಿರಾಕಿ ತಿರುಗಿ ಬರುವವರೆಗೆ ಮುಂಗಡವೂ ಇಲ್ಲ, ಖರೀದಿಯೂ ಇಲ್ಲ. ಆಟವನ್ನು ಬೇರೆ ಅಂಗಡಿಗೆ ಕೊಡುವಂತಿಲ್ಲ.’

“ಫ್ಲಾಪಿ ಮಾರಿ ನನಗೇನ ಸಿಗತದರಿ?” ಎಂದ ಶಂಕರೆಪ್ಪ, ಈಗ ಮೆಲ್ಲಗೆ. “ಫ್ಲಾಪಿ ಅದ, ಮಶೀನ ಇಲ್ಲ — ಅಂಥಾ ಮನಿನೇ ನನ್ನ ಗಿರಾಕಿ. ಅದಕ್ಕ ಅಲ್ಲೇನ್ರಿ ನಿಮ್ಮ ಬಸ್ಸ ನನ್ನ ಬಾಗಲಕ್ಕ ಅಷ್ಟ ನಿಲ್ಲಬೇಕಂದದ್ದು? ನಿಮ್ಮ ಮನಿಯವರು ಒಂದ ಸಂಜಿಗೆ ನಲವತ್ತ ಗಿರಾಕಿ ಮಾಡಿ ಕೊಟ್ಟಿದ್ರು. ಅಂಥಾ ಹೆಣ್ಣಮಗಳಿಗೆ ಕೈ ಮುಗೀಬೇಕು. ನೀವು ಒಂದ ದಿನದಾಗ ನಲವತ್ತೂ ಕಿತ್ತ ತಂದ್ರಿ.”

ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಎಂಥ ಲೆಕ್ಕ ಹಾಕಿದ್ದ ನೋಡಿ! ಆ ಹೊತ್ತಿನಲ್ಲೂ ಸೋಮೇಶನಿಗೆ ಅವನ ತಲೆಯ ಮೇಲೆ ಗೌರವವೇ ಬಂತು. ತನ್ನ ತಲೆಯ ವಿಷಯ ಬೇರೆ.

ಶಂಕರೆಪ್ಪ ಫ್ಲಾಪಿಯ ಚೀಲವನ್ನು ಅವನ ಕೈಗೇ ಕೊಟ್ಟ. “ಹೋಗ್ರಿ, ಮತ್ತ ಹಂಚ್ರಿ. ಆ ಐದ ಮನಿ ಮಂದಿ ಬಂದ ಮಶೀನ ಒಯ್ದ ದಿನ ಈ ಮಾನಿಟರ್ ನಿಮ್ಮದು. ಅಲ್ಲಿತನಾ ಬಾಗಲದಾಗ ಇರತದ. ನೋಡಬೇಕನಿಸಿದ್ರ ಬಂದ ನೋಡ್ರಿ, ನಿಮಗ ಯಾರೂ ಬ್ಯಾಡ ಅನ್ನೂದಿಲ್ಲ.”

ಆರೂವರೆಯ ಅಕ್ಕಲಕೋಟದ ಬಸ್ಸು. ಸೋಮೇಶ ಚೀಲ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತ. ಮನೆಯಲ್ಲಿ ಉಜ್ವಲಾ ಕಾಯುತ್ತಿರುತ್ತಾಳೆ. ರಥಸಪ್ತಮಿಗೆ ಇನ್ನೂ ಮೂರು ದಿನ ಇತ್ತು. ಸೋಲೊಪ್ಪುವ ಜಾತಿಯವನಲ್ಲ ಅವನು, ಇಲ್ಲವಾದರೆ ಎಮ್ಮೆ, ಮುದುಕಿ, ಗಂಟೆ ಎಲ್ಲ ಹುಟ್ಟುತ್ತಿರಲಿಲ್ಲ. ಕೆಲಸವನ್ನು ಇಲ್ಲಿಂದಲೇ ಸುರು ಮಾಡೋಣ ಎಂದುಕೊಂಡ. ಟಿಕೇಟು ಹರಿಯುತ್ತ ಬಂದ ಕಂಡಕ್ಟರ್ ನಿಂಗಣ್ಣ ಅಕ್ಕಲಕೋಟದವನೇ, ಮುಖಪರಿಚಯ ಇತ್ತು.

“ನಿಂಗಣ್ಣಾ, ಇದ ತಗೋರಿ, ಪುಕ್ಕಟ,” ಎಂದು ಫ್ಲಾಪಿ ಒಂದನ್ನು ಮುಂದೆ ಹಿಡಿದ. “ಇದರಾಗ ನಿಮ್ಮ ಬಸ್ಸೇ ಓಡತದ. ಮನಿಗೆ ಒಂದ ಕಂಪ್ಯೂಟರ್ ತಗೊಂಡ ಬಿಡ್ರಿ, ಮಜಾ ಬರತದ.”

ನಿಂಗಣ್ಣ ಹಾವು ಕಂಡವನಂತೆ ಕೈ ಹಿಂದೆಳೆದುಕೊಂಡ.

“ಬ್ಯಾಡ್ರಿಯಪ್ಪಾ! ಮಧ್ಯಾಹ್ನ ಊಟಕ್ಕ ಹೋದಾಗ ನಮ್ಮ ಮನಿಯಾಕಿ ಹೇಳಿದ್ಲು. ಅದರ ಗಾಳಿಗೆ ಉಪ್ಪಿನಕಾಯಿಗೆ ಬೂಸ ಹಿಡಿತದಂತ, ಹಾಲ ಒಡಿತದಂತ, ಮಕ್ಕಳ ಹಲ್ಲ ಸೊಟ್ಟ ಬರತಾವಂತ. ನಮ್ಮ ಊರಾಗ ಭಾಳ ಶ್ಯಾಣ್ಯಾ ಕಾರಕೂನ ಅದಾನಂತ, ಕಂಪ್ಯೂಟರ್ ಅರದ ಕುಡದಾಂವ. ಪಾಪ, ರಜಾ ಹಾಕಿ ಮನಿಮನಿಗೆ ಅಡ್ಡಾಡಿ, ಮ್ಯಾಲ ಒಂದೊಂದ ಸ್ಟೀಲಿನ ಬಟ್ಟಲಾ ಕೊಟ್ಟ ಹೇಳಿ ಹೋಗ್ಯಾನಂತ. ಅಂಥಾ ದೇವರಂಥಾ ಮನಿಷಾ ಸುಳ್ಳ ಹೇಳ್ತಾನೇನ್ರಿ?”

ಅಷ್ಟು ಹೇಳಿ ನಿಂಗಣ್ಣ ಎರಡು ಗಂಟೆ ಹೊಡೆದ. ಬಸ್ಸು ಹೊರಟಿತು.